ಕಿಟಕಿಯಿಂದ ಇಳಿದ ಕೇಬಲ್ಲಿನ ಪರವಾಗಿ

ನಗರದ ರಸ್ತೆ ಹಾಗೂ ಪಾದಚಾರಿ ಮಾರ್ಗ ವಿಭಾಗದ ಮುಖ್ಯ ಅಧಿಕಾರಿಗಳಿಗೆ,

ಮಾನ್ಯರೇ,

ಕಳೆದ ಮಂಗಳವಾರ ಮಧ್ಯಾಹ್ನ ತಮ್ಮ ಕಚೇರಿಯ ಪರಿವೀಕ್ಷಕರು ನಮ್ಮ ಮನೆಗೆ ದಯಮಾಡಿಸಿ, ನಮ್ಮದೇ ಊಟದ ಮೇಜಿನ ಮೇಲೆ, ನಮ್ಮದೇ ಪೆನ್ನಿನಲ್ಲಿ ಬರೆದು ಕೊಟ್ಟುಹೋದ ನೋಟಿಸು ನನ್ನ ಮುಂದಿದೆ. ಎರಡನೇ ಮಹಡಿಯ ನಮ್ಮ ಕಿಟಕಿಯಿಂದ ಕೆಳಗೆ ನಿಂತ ಕಾರಿಗೆ ಇಳಿಬಿಡುವ ವಿದ್ಯುತ್ ಕೇಬಲ್ಲನ್ನು ಹದಿನೈದು ದಿನಗಳೊಳಗೆ ಶಾಶ್ವತವಾಗಿ ತೆರವುಗೊಳಿಸಬೇಕಂತೆ. ತಪ್ಪಿದರೆ ಕೇಬಲ್ಲಿನ ಜೊತೆ ಕಾರನ್ನೂ ಎತ್ತಿಕೊಂಡು ಹೋಗುತ್ತೀರಂತೆ. ಆ ಕಾರನ್ನು ಕೊಳ್ಳಿ ಎಂದು ನಮ್ಮ ಬಾಗಿಲವರೆಗೆ ಬಂದು ಹೇಳಿದವರೂ ತಾವೇ ಆದ್ದರಿಂದ, ಕೊಡಿಸಿದವರೇ ಒಯ್ಯುವುದರಲ್ಲಿ ಒಂದು ನ್ಯಾಯ ಇದ್ದೇ ಇದೆ. ಆದರೂ ಒಯ್ಯುವ ಮುನ್ನ ಈ ಬಡಪಾಯಿಯ ನಾಲ್ಕು ಮಾತು ಕೇಳಬೇಕು.

ಎರಡು ವರ್ಷದ ಹಿಂದೆ ತಮ್ಮ ಕಚೇರಿ ಮನೆಮನೆಗೂ ಹಂಚಿದ ಬಣ್ಣದ ಕರಪತ್ರ ತಮಗೆ ನೆನಪಿರಲಿಕ್ಕಿಲ್ಲ. ನಮ್ಮ ಮನೆಯ ಫ್ರಿಜ್ಜಿನ ಮೇಲೆ ಅದು ಇನ್ನೂ ಅಂಟಿಕೊಂಡಿದೆ. ಅದರಲ್ಲಿ ಗಂಡ, ಹೆಂಡತಿ, ಎರಡು ಮಕ್ಕಳು, ಒಂದು ನಾಯಿ; ಎಲ್ಲರೂ ಒಂದು ವಿದ್ಯುತ್ ಕಾರನ್ನು ನೋಡಿ ನಗುತ್ತಿದ್ದಾರೆ. ಕಾರು ಅವರ ಸ್ವಂತ ಗ್ಯಾರೇಜಿನಲ್ಲಿ, ಅವರ ಸ್ವಂತ ಗೋಡೆಯ ಪ್ಲಗ್ಗಿಗೆ ಸಿಕ್ಕಿಕೊಂಡು ನಿಂತಿದೆ. ಆ ಗ್ಯಾರೇಜಿನೊಳಗೆ ನಮ್ಮ ಇಡೀ ಮನೆಯನ್ನು ಇಟ್ಟರೂ ನಾಯಿಗೆ ಜಾಗ ಉಳಿಯುತ್ತದೆ. ನಮ್ಮ ತಪ್ಪು ಏನೆಂದರೆ, ನಾವು ಕಾರನ್ನು ನೋಡಿದೆವು, ಗೋಡೆಯನ್ನು ನೋಡಲಿಲ್ಲ. ನಮ್ಮ ಬಾಗಿಲು ತೆರೆದರೆ ಮೆಟ್ಟಿಲು, ಮೆಟ್ಟಿಲು ಮುಗಿದರೆ ದರ್ಜಿ ಅಂಗಡಿ, ಅಂಗಡಿ ದಾಟಿದರೆ ತಮ್ಮ ಪಾದಚಾರಿ ಮಾರ್ಗ, ಅದರಾಚೆ ತಮ್ಮ ರಸ್ತೆ. ನಮ್ಮದು ಎಂದು ಹೇಳಿಕೊಳ್ಳಲು ಉಳಿದಿರುವುದು ಕಿಟಕಿಗೂ ನೆಲಕ್ಕೂ ನಡುವಿನ ಗಾಳಿ ಮಾತ್ರ. ಅದರಲ್ಲೇ ಕೇಬಲ್ಲು ಇಳಿಬಿಟ್ಟೆವು.

ಹಾಗೆಂದು ಒಮ್ಮೆಲೇ ಕಾನೂನು ಮುರಿಯುವಷ್ಟು ಧೈರ್ಯ ನಮ್ಮ ಮನೆತನದಲ್ಲಿ ಇಲ್ಲ. ಮೊದಲು ಅರ್ಜಿ ಹಾಕಿದೆ. ಬೀದಿಯಲ್ಲೊಂದು ಚಾರ್ಜಿಂಗ್ ಕಂಬ ಹಾಕಿಸಿಕೊಡಿ ಎಂದು ಕೇಳಿದೆ. ಗ್ಯಾರೇಜಿನ ನಕ್ಷೆ ಲಗತ್ತಿಸಿ ಎಂದು ತಾವು ಉತ್ತರಿಸಿದಿರಿ. ಗ್ಯಾರೇಜು ಇಲ್ಲದ ಕಾರಣಕ್ಕೇ ಅರ್ಜಿ ಎಂದು ಮತ್ತೆ ಬರೆದೆ. ಹಾಗಿದ್ದಲ್ಲಿ ಸದರಿ ಇಲ್ಲದ ಗ್ಯಾರೇಜಿನ ನಕ್ಷೆಯನ್ನು ಮೂರು ಪ್ರತಿಗಳಲ್ಲಿ ಸಲ್ಲಿಸತಕ್ಕದ್ದು ಎಂದು ಬಂತು. ಮೂರು ಖಾಲಿ ಹಾಳೆ ಕಳಿಸಿದೆ. ಅಳತೆ ನಮೂದಿಸಿಲ್ಲ ಎಂಬ ಷರಾದೊಡನೆ ಅವು ವಾಪಸು ಬಂದವು. ನಾನು ಪ್ರೂಫ್ ತಿದ್ದಿ ಹೊಟ್ಟೆ ಹೊರೆಯುವವನು, ಮಾನ್ಯರೇ. ನಲವತ್ತು ವರ್ಷದ ಬಾಳಿನಲ್ಲಿ ಖಾಲಿ ಹಾಳೆಯಲ್ಲಿ ತಪ್ಪು ಹುಡುಕಿದವರನ್ನು ಕಂಡಿದ್ದು ಅದೇ ಮೊದಲು. ಕೈಮುಗಿದೆ.

‘ಸಾರ್ವಜನಿಕ ಚಾರ್ಜಿಂಗ್ ಕೇಂದ್ರ ಇದೆಯಲ್ಲ’ ಎಂದು ತಾವು ಕೇಳಬಹುದು. ಇದೆ. ಆರು ಕಿಲೋಮೀಟರ್ ದೂರದ ಅಂಗಡಿ ಸಂಕೀರ್ಣದ ನೆಲಮಾಳಿಗೆಯಲ್ಲಿದೆ. ಅಲ್ಲಿರುವ ಎರಡು ಚಾರ್ಜರುಗಳಲ್ಲಿ ಒಂದಕ್ಕೆ ಮುಸುಕು ಹಾಕಿ ಕಟ್ಟಿ ಏಳು ತಿಂಗಳಾಯಿತು. ಇನ್ನೊಂದರ ಮುಂದೆ ಯಾವಾಗಲೂ ಒಬ್ಬ ಮಹಾನುಭಾವರು ಇರುತ್ತಾರೆ. ಸಾಲಿನವರು ಅವರಿಗೆ ಇಟ್ಟ ಹೆಸರು ನೂರಪ್ಪ. ಶೇಕಡಾ ಎಂಬತ್ತು ದಾಟಿದ ಮೇಲೆ ಬ್ಯಾಟರಿ ಆಮೆಯ ಹಾಗೆ ತುಂಬುತ್ತದೆ ಎಂದು ಎಲ್ಲರಿಗೂ ಗೊತ್ತು, ನೂರಪ್ಪನವರಿಗೂ ಗೊತ್ತು. ಆದರೆ ನೂರಾಗದೆ ಅವರು ಅಲ್ಲಾಡುವುದಿಲ್ಲ. “ತುಂಬ್ತಾ ಇರೋ ಬಿಂದಿಗೇನ ಯಾರಾದ್ರೂ ಮಧ್ಯಕ್ಕೆ ಎತ್ತುತ್ತಾರಾ ಮೇಡಂ?” ಎಂದು ನನ್ನ ಹೆಂಡತಿಯನ್ನೇ ಕೇಳಿದ್ದಾರೆ.

ಈ ಕಾರು ಆಕೆಯದು. ಆಕೆ ಫಿಸಿಯೋಥೆರಪಿಸ್ಟು, ಆಸ್ಪತ್ರೆಗೆ ಬರಲಾಗದವರ ಮನೆಗೇ ಹೋಗಿ ಬಿದ್ದ ಕೈಕಾಲುಗಳನ್ನು ಎಬ್ಬಿಸುವ ಕೆಲಸ. ದಿನಕ್ಕೆ ಏಳು ಮನೆ. ಮಡಿಸುವ ವಾಕರ್, ರಬ್ಬರ್ ಪಟ್ಟಿಗಳ ಚೀಲ, ಹಿಂದಿನ ಸೀಟಿನ ತುಂಬಾ ಕೂತಿರುವ ಒಂದು ನೀಲಿ ಚೆಂಡು. ಇವನ್ನೆಲ್ಲ ಹೊತ್ತು ಬಸ್ಸು ಹತ್ತಿದರೆ ಚೆಂಡಿಗೆ ಸೀಟು ಸಿಗುತ್ತದೆ, ಆಕೆಗೆ ಸಿಗುವುದಿಲ್ಲ. ಬೆಳಿಗ್ಗೆ ನಾಲ್ಕು ಮನೆ ಮುಗಿಸಿ ಮಧ್ಯಾಹ್ನ ಒಂದಕ್ಕೆ ಬರುತ್ತಾಳೆ. ಊಟ ಮಾಡುವಷ್ಟರಲ್ಲಿ ಕಾರೂ ಒಂದಿಷ್ಟು ಉಣ್ಣುತ್ತದೆ, ಮತ್ತೆ ಮೂರು ಮನೆಗೆ ಹೊರಡುತ್ತಾಳೆ.

ಕಾರಿಗೆ ಉಣಿಸುವ ಜವಾಬ್ದಾರಿ ನನ್ನ ಅತ್ತೆಯವರದು. ಮಗಳ ಕಾರು ಬಂದದ್ದನ್ನು ಕಿಟಕಿಯಿಂದ ನೋಡಿ ಅವರು ಕೇಬಲ್ಲು ಇಳಿಸುತ್ತಾರೆ, ಕೆಳಗೆ ದರ್ಜಿ ಅದನ್ನು ಹಿಡಿದು ಕಾರಿಗೆ ಸಿಕ್ಕಿಸಿ, ಯಾರೂ ಎಡವದಿರಲೆಂದು ಮೇಲೆ ರಬ್ಬರ್ ಚಾಪೆ ಹಾಸುತ್ತಾನೆ.

“ಬಿಡ್ಲೇನಪ್ಪಾ?”

“ಬಿಡಿ ಅಮ್ಮಾ, ಸ್ವಲ್ಪ ನೋಡ್ಕೊಂಡು. ನಿನ್ನೆ ನನ್ನ ಗಿರಾಕಿ ತಲೆ ಮೇಲೇ ಬಿಟ್ರಿ.”

“ಆ ಬೋಳುತಲೆ ಹೊತ್ಕೊಂಡು ಅವ್ನು ಅಡ್ಡ ಬಂದ್ರೆ ನಾನೇನ್ ಮಾಡ್ಲಿ? ಬಿಸಿಲಿಗೆ ಕಾರಿನ ಟಾಪ್ ಥರಾನೇ ಹೊಳೀತಿತ್ತು.”

ಕಾರು ಇಲ್ಲದಾಗ ಆ ಜಾಗ ಕಾಯುವುದು ದರ್ಜಿಯ ಅಂಗಡಿಯ ಗೊಂಬೆ. ಅದಕ್ಕೆ ತಲೆಯಿಲ್ಲ, ಆದರೆ ಕೋಟಿದೆ. ಕೋಟು ಹಾಕಿಕೊಂಡು ಅಲ್ಲಾಡದೆ ನಿಂತವರನ್ನು ಕಂಡರೆ ನಮ್ಮ ಜನ ಯಾರೋ ಅಧಿಕಾರಿಗಳಿರಬೇಕು ಎಂದು ದೂರ ಸರಿಯುತ್ತಾರೆ. ತಲೆ ಇದೆಯೋ ಇಲ್ಲವೋ ಎಂದು ಯಾರೂ ನೋಡಲು ಹೋಗುವುದಿಲ್ಲ. ತಮ್ಮ ನೋಟಿಸಿನ ಮೂರನೇ ಅಂಶದಲ್ಲಿ ‘ರಸ್ತೆಯ ಮೇಲೆ ಅನಧಿಕೃತವಾಗಿ ನಿಲ್ಲಿಸಿರುವ ಮಾನವಾಕೃತಿ, ಒಂದು’ ಎಂದಿರುವುದು ಇದನ್ನೇ.

ಇನ್ನು ಮಂಗಳವಾರದ ಸಂಗತಿ. ಹನ್ನೆರಡೂವರೆಗೆ ತಮ್ಮ ಪರಿವೀಕ್ಷಕರು ಇಲಾಖೆಯ ಕಾರಿನಲ್ಲಿ ಬಂದರು. ಬಿಳಿ ಬಣ್ಣ, ವಿದ್ಯುತ್ತಿನದೇ, ನಮ್ಮದೇ ಮಾದರಿ. ಗೊಂಬೆಯನ್ನು ಪಕ್ಕಕ್ಕೆ ಸರಿಸಿ ನಮ್ಮ ಜಾಗದಲ್ಲೇ ನಿಲ್ಲಿಸಿ, ಡ್ರೈವರನ್ನು ಒಳಗೇ ಬಿಟ್ಟು, ಚಾಪೆಯ ಅಳತೆ ತೆಗೆದುಕೊಂಡು ಮೇಲೆ ಬಂದರು. ಅಷ್ಟು ಹೊತ್ತಿಗೆ ಅಡುಗೆಮನೆಯ ಕಿಟಕಿಯಿಂದ ಅತ್ತೆಯವರಿಗೆ ಬಿಳಿ ಟಾಪು ಕಂಡಿದೆ. ಮಗಳು ಇವತ್ತು ಬೇಗ ಬಂದಳು ಎಂದುಕೊಂಡು ಕೇಬಲ್ಲು ಇಳಿಸಿದ್ದಾರೆ. ಕೇಬಲ್ಲು ಬಂತು ಎಂದರೆ ಸಿಕ್ಕಿಸುವುದು ದರ್ಜಿಯ ಅಭ್ಯಾಸ. ಡ್ರೈವರು ಗಾಜು ಇಳಿಸಿ, “ಆಫೀಸಿಂದ ಹೇಳಿದ್ರಾ?” ಎಂದಿದ್ದಾನೆ. ದರ್ಜಿಯ ಬಾಯಲ್ಲಿ ಗುಂಡುಪಿನ್ನುಗಳಿದ್ದವು. ಬಾಯಲ್ಲಿ ಗುಂಡುಪಿನ್ನು ಇರುವ ಮನುಷ್ಯ ಯಾವ ಪ್ರಶ್ನೆಗಾದರೂ ‘ಹೂಂ’ ಎಂದೇ ಹೇಳಬೇಕು. ಮೇಡಂ ಯಾರನ್ನೋ ಕಾರು ತರಲು ಕಳಿಸಿದ್ದಾರೆ ಎಂದು ದರ್ಜಿ ಅಂದುಕೊಂಡ, ಇಲಾಖೆ ಕೊನೆಗೂ ಒಂದು ವ್ಯವಸ್ಥೆ ಮಾಡಿದೆ ಎಂದು ಡ್ರೈವರು. ಡ್ರೈವರು ಸಂತೋಷವಾಗಿ ಚಾರ್ಜಿಂಗ್ ಮುಚ್ಚಳ ತೆರೆದುಕೊಟ್ಟು, ಕಾರು ಲಾಕ್ ಮಾಡಿ, ಟೀ ಕುಡಿಯಲು ಹೋದ.

ಒಂದು ಗಂಟೆಗೆ ನನ್ನ ಹೆಂಡತಿ ಮೆಟ್ಟಿಲೇರಿ ಬಂದಾಗ ಪರಿವೀಕ್ಷಕರು ನೀರು ಕುಡಿದು, ನೋಟಿಸು ಬರೆಯುತ್ತ ‘ವಿದ್ಯುತ್ ದುರ್ಬಳಕೆ’ ಎಂಬ ಪದದ ಹತ್ತಿರ ಇದ್ದರು.

“ಕೆಳಗೆ ನಮ್ಮ ಕೇಬಲ್ಲು ಕಚ್ಕೊಂಡು ನಿಂತಿದೆಯಲ್ಲ ಬಿಳಿ ಕಾರು, ಯಾರ್ದದು?”

ಪರಿವೀಕ್ಷಕರು ಎದ್ದು ಕಿಟಕಿಯಿಂದ ಬಗ್ಗಿ ನೋಡಿದರು. “ಅದು... ಇಲಾಖೇದು” ಎಂದರು.

“ನಂಗೇನ್ ಗೊತ್ತು, ಮೇಲಿಂದ ನೋಡಿದ್ರೆ ಎಲ್ಲಾ ಒಂದೇ” ಎಂದರು ಅತ್ತೆ.

“ಸರ್, ಸ್ವಲ್ಪ ತೆಗೆಸ್ತೀರಾ? ನಂದು ಒಂಬತ್ತು ಪರ್ಸೆಂಟಿಗೆ ಬಂದಿದೆ. ಮೂರು ಗಂಟೆಗೆ ಪೇಶಂಟು ಕಾಯ್ತಾರೆ.”

“ಕೀ ಡ್ರೈವರ್ ಹತ್ರ ಇದೆಯಮ್ಮಾ. ಡ್ರೈವರು ಟೀಗೆ ಹೋದ ಅನ್ಸುತ್ತೆ.”

“ಫೋನ್ ಮಾಡಿ.”

“ಅವ್ನ ಫೋನು ಕಾರಲ್ಲೇ ಚಾರ್ಜಿಗೆ ಹಾಕಿರ್ತಾನೆ.”

ಕಾರು ಲಾಕ್ ಆದರೆ ಕೇಬಲ್ಲೂ ಅದರ ಬಾಯಲ್ಲೇ ಲಾಕ್ ಆಗುತ್ತದೆ, ಎಳೆದರೂ ಬರುವುದಿಲ್ಲ. ಆಕೆ ಇಳಿದು ಅಂಗಡಿ ಸಂಕೀರ್ಣಕ್ಕೆ ಹೋದಳು. ಅಲ್ಲಿ ನೂರಪ್ಪನವರು ಎಂಬತ್ತೊಂದರಲ್ಲಿದ್ದರು. ಇಲ್ಲಿ ತಮ್ಮ ಡ್ರೈವರು ಎರಡೂಕಾಲಿಗೆ ಹಲ್ಲು ಚುಚ್ಚಿಕೊಳ್ಳುತ್ತ ಬಂದ. “ಆಫೀಸಲ್ಲಿ ಮೂವತ್ತು ಕಾರಿದೆ ಸಾರ್, ಪ್ಲಗ್ಗು ಎರಡೇ. ಒಂದು ಸಾಹೇಬ್ರ ಕಾರಿಗೆ, ಇನ್ನೊಂದು ಟೀ ಕೆಟಲ್ಲಿಗೆ” ಎಂದು ನನ್ನ ಮುಂದೆ ಕಷ್ಟ ಹೇಳಿಕೊಂಡ. ಆ ಸಾಹೇಬರು ತಾವೇ ಎಂದು ಊಹಿಸುತ್ತೇನೆ.

ಮೂರು ಗಂಟೆಯ ಪೇಶಂಟು ಯಾರೆಂದು ಹೇಳಬೇಕು. ಮೂವತ್ತೊಂದು ವರ್ಷ ಬಸ್ಸು ಓಡಿಸಿ ನಿವೃತ್ತರಾದ ಡ್ರೈವರು. ಐದು ತಿಂಗಳ ಹಿಂದೆ ಪಾರ್ಶ್ವವಾಯು ಬಡಿದು ಎಡಭಾಗ ಬಿದ್ದಿತ್ತು. ಮೊದಲ ಆರು ತಿಂಗಳಲ್ಲಿ ಎಷ್ಟು ಎದ್ದರೆ ಅಷ್ಟು, ಆಮೇಲೆ ಬಹಳ ಕಷ್ಟ ಎಂದು ಡಾಕ್ಟರು ಹೇಳಿದ್ದಾರೆ. ಅವರಿಗೆ ಹಾಸಿಗೆಯೇ ಡಿಪೋ. ಕಿಟಕಿ ಮೊದಲ ಸ್ಟಾಪು, ಅಡುಗೆಮನೆ ಎರಡನೆಯದು, ಹೊರಬಾಗಿಲು ಮೂರನೆಯದು. ಮೂರು ಮೆಟ್ಟಿಲಿಳಿದರೆ ಗೇಟು, ಕೊನೇ ಸ್ಟಾಪು. ಎರಡು ವಾರದ ಹಿಂದೆ ಹೊರಬಾಗಿಲು ಮುಟ್ಟಿದ್ದರು. “ನಾನು ಲೇಟಾದ್ರೆ ಜನ ಬಾಯಿಗೆ ಬಂದ ಹಾಗೆ ಬೈತಿದ್ರು ಕಣಮ್ಮ, ನೀನು ಲೇಟಾಗ್ಬೇಡ” ಎಂದು ಆಕೆಯನ್ನು ಛೇಡಿಸುತ್ತಿದ್ದರು.

ಮಂಗಳವಾರ ಅವರು ಹೊರಬಾಗಿಲಲ್ಲಿ ಕುರ್ಚಿ ಹಾಕಿಸಿಕೊಂಡು ನಾಲ್ಕರವರೆಗೆ ಕಾದಿದ್ದಾರೆ. ಫೋನು ಮಾಡಿ ಬರಲಾಗುವುದಿಲ್ಲ ಎಂದು ಆಕೆ ಹೇಳಿದ ಮೇಲೆ, ಸೊಸೆ ಒಳಗೆ ಹೋದ ಹೊತ್ತು ನೋಡಿ, ಒಬ್ಬರೇ ಮೊದಲ ಮೆಟ್ಟಿಲಿಗೆ ಕಾಲಿಟ್ಟಿದ್ದಾರೆ. ಬಿದ್ದು ಮಂಡಿ ತರಚಿತು, ಮೂಳೆ ಉಳಿಯಿತು. ಆದರೆ ಧೈರ್ಯ ಮುರಿಯಿತು. ಅಂದಿನಿಂದ ಅಡುಗೆಮನೆ ದಾಟುತ್ತಿಲ್ಲ. “ಮುಂದೆ ರೋಡು ಸರಿ ಇಲ್ಲ” ಎನ್ನುತ್ತಾರಂತೆ. ಅವರ ಆರು ತಿಂಗಳು ಮುಗಿಯಲು ಇನ್ನು ಮೂರು ವಾರ ಇದೆ. ತಮ್ಮ ಹದಿನೈದು ದಿನ ಅದರೊಳಗೇ ಬರುತ್ತದೆ.

ತಮ್ಮ ನೋಟಿಸು ಸುಳ್ಳೆಂದು ನಾನು ಹೇಳುವುದಿಲ್ಲ. ನಡೆಯುವವರ ಕಾಲಿಗೆ ಅಡ್ಡವಾಗಿ ಕೇಬಲ್ಲು ಬಿಡುವುದು ತಪ್ಪೇ. ಆ ಚಾಪೆಗೆ ನಾನೇ ಮೂರು ಸಲ ಎಡವಿದ್ದೇನೆ, ನಾಳೆ ಕಣ್ಣು ಕಾಣದವರೊಬ್ಬರು ಎಡವಿದರೆ ನನ್ನ ಹೆಂಡತಿಗೆ ಇನ್ನೊಬ್ಬ ಪೇಶಂಟು. ಆದರೆ ತಪ್ಪನ್ನು ಕಿತ್ತುಹಾಕುವ ಮುನ್ನ ಸರಿ ಯಾವುದು ಎಂದು ತೋರಿಸಬೇಡವೇ? ನಮ್ಮ ಕಾರಿನಿಂದ ಆರು ಹೆಜ್ಜೆ ದೂರದಲ್ಲಿ ತಮ್ಮದೇ ಬೀದಿದೀಪದ ಕಂಬ ನಿಂತಿದೆ. ಅದರ ಹೊಟ್ಟೆಯಲ್ಲಿ ಕರೆಂಟಿದೆ, ಹಗಲೆಲ್ಲ ಅದಕ್ಕೆ ಕೆಲಸವಿಲ್ಲ. ಅದಕ್ಕೊಂದು ಚಾರ್ಜಿಂಗ್ ಪ್ಲಗ್ಗು ಕೂರಿಸಿ. ಅದಾಗದಿದ್ದರೆ ಪಾದಚಾರಿ ಮಾರ್ಗದ ಕಲ್ಲಿನಲ್ಲಿ ಕೇಬಲ್ಲು ಅಡಗುವಷ್ಟು ಸಣ್ಣ ಕಾಲುವೆ ಕೊರೆದು ಮುಚ್ಚಳ ಹಾಕಿಸಿ. ಎರಡರಲ್ಲಿ ಒಂದು, ಹದಿನೈದು ದಿನಗಳೊಳಗೆ. ತಮಗೆ ಇಷ್ಟವಾದ ಗಡುವೇ ಇರಲಿ. ಆಗುವವರೆಗೆ ಕಾರನ್ನು ಮುಟ್ಟುವುದಿಲ್ಲ ಎಂದು ಬರೆದುಕೊಡಿ.

ಅಂದ ಹಾಗೆ, ನೋಟಿಸಿನಲ್ಲಿ ‘ಪರಿಶೀಲನೆಯ ವೇಳೆ ಸದರಿ ಕೇಬಲ್ಲಿನಿಂದ ಚಾರ್ಜ್ ಆಗುತ್ತಿದ್ದ ವಾಹನದ ಸಂಖ್ಯೆ’ ಎಂಬುದರ ಮುಂದಿನ ಜಾಗವನ್ನು ಪರಿವೀಕ್ಷಕರು ಖಾಲಿ ಬಿಟ್ಟುಹೋಗಿದ್ದಾರೆ. ಪ್ರಾಮಾಣಿಕರು, ಸುಳ್ಳು ಸಂಖ್ಯೆ ಬರೆಯಲಿಲ್ಲ. ಸರಿಯಾದ ಸಂಖ್ಯೆ ಅತ್ತೆಯವರಿಗೆ ಬಾಯಿಪಾಠವಾಗಿದೆ, ಬೇಕಿದ್ದರೆ ತುಂಬಿ ಕಳಿಸುತ್ತೇವೆ.

ತಮ್ಮ ಇಲಾಖೆಯ ಕಾರು ಈ ಕಡೆ ಬಂದು ಮತ್ತೆ ಸುಸ್ತಾದರೆ ಸಂಕೋಚಪಡಬೇಡಿ. ಗೊಂಬೆಯನ್ನು ಸರಿಸಿ ನಿಲ್ಲಿಸಿ, ಅತ್ತೆಯವರು ಕೇಬಲ್ಲು ಇಳಿಸುತ್ತಾರೆ. ಲಾಕ್ ಮಾತ್ರ ಮಾಡಬೇಡಿ. ಮೂರು ಗಂಟೆಗೆ ಒಬ್ಬರು ಅಡುಗೆಮನೆ ಸ್ಟಾಪಿನಲ್ಲಿ ಗೋಡೆ ಹಿಡಿದು ನಿಂತು, ಬಸ್ಸು ಬಂತೇ ಎಂದು ಸೊಸೆಯನ್ನು ಕೇಳುತ್ತಿರುತ್ತಾರೆ.

ಇಂತಿ,
ಗ್ಯಾರೇಜಿನ ನಕ್ಷೆ ಮೂರು ಪ್ರತಿಗಳಲ್ಲಿ ಉಳ್ಳ, ಗ್ಯಾರೇಜು ಮಾತ್ರ ಇಲ್ಲದ,
ಎರಡನೇ ಮಹಡಿಯ ಅಳಿಯ