ದಫೇದಾರ ಕಚ್ಚಲಿಲ್ಲ

ಗುರುವಾರ, ತಾರೀಕು ಹದಿನಾಲ್ಕು
ಬೆಳಿಗ್ಗೆ ಹತ್ತು ಗಂಟೆ

ಮಗಳೇ,

ಅಮ್ಮನ ಆಶೀರ್ವಾದ. ಈ ಕಾಗದ ಓದಿ ಮುಗಿಸಿದ ಮೇಲೆ ಆ ಆಶೀರ್ವಾದ ಬೇಕೋ ಬೇಡವೋ ನೀನೇ ನಿರ್ಧಾರ ಮಾಡು.

ಎರಡು ಬಸ್ಸು ಹತ್ತಿ ಇಳಿದರೆ ಸಿಗುವ ಮಗಳಿಗೆ ಕಾಗದ ಬರೆಯುವ ಕರ್ಮ ಏನು, ಫೋನ್ ಮಾಡಬಾರದೇ ಎಂದು ನೀನು ಕೇಳುತ್ತೀಯ. ಎರಡು ವರ್ಷದಿಂದ ಫೋನಿನಲ್ಲಿ ನಾನು ಏನು ಮಾತಾಡಿದ್ದೇನೆ, ಸ್ವಲ್ಪ ನೆನಪು ಮಾಡಿಕೋ. ಹೂಂ, ಹೂಂ, ಸರಿ, ಒಲೆ ಮೇಲೆ ಹಾಲಿದೆ ಇಡ್ತೀನಿ ಅನ್ನುತ್ತೇನೆ. ನಮ್ಮ ಮನೆಯಲ್ಲಿ ಅಷ್ಟು ಹಾಲು ಎಲ್ಲಿಂದ ಬರಬೇಕು? ನನಗೆ ಕಿವಿ ಕೇಳಿಸುವುದಿಲ್ಲ ಮಗಳೇ. ಎಡಗಿವಿ ಪೂರ್ತಿ ಹೋಗಿದೆ. ಬಲಗಿವಿಗೆ, ಗೋಡೆಯಾಚೆ ಯಾರೋ ಗೊಣಗಿದಷ್ಟು ಮಾತ್ರ. ಇಪ್ಪತ್ತಾರು ವರ್ಷ ಮಗ್ಗಗಳ ಗದ್ದಲದಲ್ಲಿ ನಿಂತು ಕೆಲಸ ಮಾಡಿದವಳಿಗೆ ಇದೇನು ಆಶ್ಚರ್ಯವಲ್ಲ. ಮಿಲ್ಲಿನಲ್ಲಿ ನಾವೆಲ್ಲ ತುಟಿ ನೋಡಿಯೇ ಮಾತಾಡಿಕೊಳ್ಳುತ್ತಿದ್ದೆವು. ಆ ವಿದ್ಯೆ ಇಲ್ಲಿಯವರೆಗೆ ನನ್ನ ಮಾನ ಕಾಯಿತು. ಎದುರಿಗೆ ನಿಂತು ಮಾತಾಡುವವರ ಮುಂದೆ ನನ್ನಷ್ಟು ಚುರುಕಿನವಳು ಯಾರೂ ಇಲ್ಲ. ಬೆನ್ನ ಹಿಂದೆ ಮನೆಗೆ ಮನೆಯೇ ಬಿದ್ದರೂ ಗೊತ್ತಾಗುವುದಿಲ್ಲ.

ಇಷ್ಟೇ ಆಗಿದ್ದರೆ ನಾಚಿಕೆಪಡುವಂಥದ್ದು ಏನೂ ಇರಲಿಲ್ಲ. ವಯಸ್ಸಾಯಿತು, ಕಿವಿ ಹೋಯಿತು ಎಂದು ನಗಬಹುದಿತ್ತು. ಅದನ್ನು ಮುಚ್ಚಿಡಲು ಹೋಗಿ ನಾನು ಯಾರ ಕುತ್ತಿಗೆ ಕೊಯ್ದೆ ಎಂಬುದನ್ನು ಹೇಳಲು ಈ ಕಾಗದ.

ಪುಟ್ಟಿಯನ್ನು ನೀನು ನನ್ನ ಕೈಗೆ ಕೊಟ್ಟು ಲ್ಯಾಬಿನ ಕೆಲಸಕ್ಕೆ ಮರಳಿದಾಗ ಅವಳಿಗೆ ಎಂಟು ತಿಂಗಳು. ಅಷ್ಟು ಹೊತ್ತಿಗೇ ಮನೆಯ ಎಲ್ಲ ಸದ್ದುಗಳನ್ನೂ ನನ್ನ ಬದಲು ದಫೇದಾರ ಕೇಳುತ್ತಿದ್ದ. ತೋಟದ ಬೇಲಿಯುದ್ದಕ್ಕೂ ದಿನಕ್ಕೆ ಹತ್ತು ಸಲ ಗಸ್ತು ಹೊಡೆಯುತ್ತಾನೆಂದು ನಿನ್ನ ಅಪ್ಪ ಇಟ್ಟ ಹೆಸರು ಅದು. ಆ ನಾಯಿಗೆ ನಾನು ಏನೂ ಕಲಿಸಲಿಲ್ಲ. ತಾನೇ ನೋಡಿ, ತಾನೇ ತಿಳಿದುಕೊಂಡ. ಬಾಗಿಲ ಬೆಲ್ ಹೊಡೆದರೆ ಬಂದು ನನ್ನ ಮೊಣಕಾಲಿಗೆ ಮೂಗು ಒತ್ತಿ ಬಾಗಿಲ ಕಡೆ ನೋಡುತ್ತಿದ್ದ. ಮಗು ಎದ್ದು ಅತ್ತರೆ ನನ್ನ ಬಟ್ಟೆಯ ಅಂಚು ಹಿಡಿದು ಎಳೆಯುತ್ತಿದ್ದ. ಕುಕ್ಕರ್ ಸೀಟಿ ಹಾಕಿದರೆ ಮಾತ್ರ ಶೂರನ ಧೈರ್ಯವೆಲ್ಲ ಇಳಿದು ಹೊಲಿಗೆ ಮೆಷಿನ್ನಿನ ಕೆಳಗೆ ನುಸುಳುತ್ತಿದ್ದ. ನಾನು ಹೊಲಿಯುತ್ತಲೇ ಅವನು ಎಷ್ಟು ಸಲ ನುಸುಳಿದ ಎಂದು ಎಣಿಸಿಕೊಂಡು, ಮೂರಾದ ಕೂಡಲೇ ಎದ್ದು ಒಲೆ ಆರಿಸುತ್ತಿದ್ದೆ. ನಗಬೇಡ, ಒಂದು ದಿನವೂ ಲೆಕ್ಕ ತಪ್ಪಿದ್ದಿಲ್ಲ.

ಬೆಕ್ಕುಗಳಿಂದ ಈ ಉಪಕಾರ ನಿರೀಕ್ಷಿಸುವ ಹಾಗೇ ಇಲ್ಲ. ದೊರೆಸಾನಿಗೆ ಲೋಕವೇ ಮುಳುಗಿದರೂ ಕಣ್ಣು ತೆರೆಯುವ ಅಭ್ಯಾಸವಿಲ್ಲ. ಅವಳ ಮಗ ಮಂಕ ಹುಟ್ಟಿದಾಗಿನಿಂದ ಮಾಡಿರುವ ಏಕೈಕ ಕೆಲಸವೆಂದರೆ ನನ್ನ ಕೊತ್ತಂಬರಿ ಪಾತಿಯನ್ನು ಕಕ್ಕಸು ಮಾಡಿಕೊಂಡದ್ದು. ಇಬ್ಬರೂ ಓಡಾಡಲಿ ಎಂದು ಹಿಂದಿನ ಕೋಣೆಯ ಕಿಟಕಿ ಜಾಲರಿಯ ಮೂಲೆಯನ್ನು ನಾನೇ ಕತ್ತರಿಸಿ ಕಂಡಿ ಮಾಡಿದ್ದೆ. ನಿನಗೆ ಗೊತ್ತಿರುವುದೇ.

ಒಂದು ಸಂಜೆ ನೀನು ಮಗುವನ್ನು ಎತ್ತಿಕೊಳ್ಳುತ್ತ, ಅಮ್ಮ, ಇವಳು ಸ್ವಲ್ಪ ಮುಲುಗಿದ್ರೂ ನಿಂಗೆ ಕೇಳ್ಸುತ್ತಲ್ಲ, ನಂಗೇ ಅಷ್ಟು ಎಚ್ಚರ ಆಗಲ್ಲ ಅಂದೆ. ನಾನು ಆ ಹೊಗಳಿಕೆಯನ್ನು ಉಬ್ಬಿಹೋಗಿ ತೆಗೆದುಕೊಂಡೆ. ಹೊಗಳಿಸಿಕೊಳ್ಳಬೇಕಾದವನು ನಿನ್ನ ಚಪ್ಪಲಿಯ ಮೇಲೆ ಗಲ್ಲ ಇಟ್ಟು ಮಲಗಿದ್ದ.

ಆಮೇಲೆ ನಿನಗೆ ಅನುಮಾನ ಶುರುವಾಯಿತು. ಬೆಲ್ ಹೊಡ್ದಾಗೆಲ್ಲ ಇವನು ನಿನ್ನನ್ನೇ ಯಾಕೆ ನೋಡ್ತಾನೆ, ನಿನ್ನ ಕಿವಿ ಒಂದ್ಸಲ ಡಾಕ್ಟ್ರಿಗೆ ತೋರಿಸೋಣ್ವಾ ಅಂತ ಕೇಳಿದೆ. ನನ್ನ ಕಿವಿ ನೆಟ್ಟಗಿದೆ, ನಿನ್ನ ಬಾಯೇ ಸ್ವಲ್ಪ ಜಾಸ್ತಿ ಅಂತ ನಗಿಸಿಬಿಟ್ಟೆ. ನೀನು ನಕ್ಕೆ. ನಕ್ಕು, ನಿನ್ನ ಲ್ಯಾಬಿನ ಪಕ್ಕದ ಶಿಶುವಿಹಾರದಲ್ಲಿ ಒಂದು ಜಾಗ ಖಾಲಿ ಇದೆಯಂತೆ ಎಂದೂ ಸೇರಿಸಿದೆ. ನೀನು ಅದನ್ನು ಸುಮ್ಮನೆ ಅಂದಿರಬಹುದು. ನಾನು ಸುಮ್ಮನೆ ತೆಗೆದುಕೊಳ್ಳಲಿಲ್ಲ. ಅಪ್ಪ ಹೋದ ಮೇಲೆ ನಾನು ಬೆಳಿಗ್ಗೆ ಎದ್ದು ತಲೆ ಬಾಚಿಕೊಳ್ಳುತ್ತಿದ್ದುದೇ ಪುಟ್ಟಿ ಬರುತ್ತಾಳೆಂದು. ಅವಳನ್ನು ಬಿಟ್ಟುಕೊಡಲು ನನಗೆ ಮನಸ್ಸಿರಲಿಲ್ಲ. ಆಸೆಬುರುಕತನ ಅನ್ನು, ಒಪ್ಪಿಕೊಳ್ಳುತ್ತೇನೆ.

ಮೂರು ವಾರದ ಹಿಂದಿನ ಆ ಗುರುವಾರ, ಇವತ್ತು ಮಧ್ಯಾಹ್ನವೇ ಬರ್ತೀನಿ ಅಂತ ಹೇಳಿ ಹೋದೆಯಲ್ಲ, ಆಗ ಈ ಹಾಳು ಬುದ್ಧಿ ಬಂತು. ನೀನು ಬರುವ ಹೊತ್ತಿಗೆ ದಫೇದಾರ ಒಳಗಿದ್ದರೆ ಮತ್ತೆ ಓಡಿ ಬಂದು ನನ್ನ ಮೊಣಕಾಲು ಒತ್ತುತ್ತಾನೆ, ನನ್ನ ಗುಟ್ಟು ರಟ್ಟಾಗುತ್ತದೆ. ಅವನಿಲ್ಲದಿದ್ದರೂ ನಿನ್ನ ಹತ್ತಿರ ಬೀಗದ ಕೈ ಇದೆ, ನೀನೇ ತೆಗೆದುಕೊಂಡು ಬರುತ್ತೀಯ. ಊಟವಾದ ಮೇಲೆ ಮಗುವನ್ನು ಹಿಂದಿನ ಕೋಣೆಯಲ್ಲಿ ಮಲಗಿಸಿ, ಅವನನ್ನು ತೋಟಕ್ಕೆ ಅಟ್ಟಿ ಹಿತ್ತಿಲ ಬಾಗಿಲ ಚಿಲಕ ಹಾಕಿದೆ. ಅವನಿಗೆ ಅರ್ಥವಾಗಲಿಲ್ಲ. ಬಾಗಿಲ ಗಾಜಿನಾಚೆ ನಿಂತು, ಏನೋ ಮರೆತಿದ್ದೀಯಲ್ಲ ಎಂಬಂತೆ ನೋಡುತ್ತಿದ್ದ. ನಾನು ಪರದೆ ಎಳೆದು, ಮುಂದಿನ ಕೋಣೆಗೆ ಬಂದು ಮೆಷಿನ್ ತುಳಿಯತೊಡಗಿದೆ. ಮಗು ಮೂರು ಗಂಟೆವರೆಗೆ ಏಳುವುದಿಲ್ಲ ಎಂದು ನನ್ನ ಅಂದಾಜು.

ಅದು ಯಾವಾಗ ಎದ್ದಿತೋ, ಎಷ್ಟು ಹೊತ್ತು ಅತ್ತಿತೋ ನನಗೆ ಗೊತ್ತಿಲ್ಲ. ಮಂಚದಿಂದ ಇಳಿಯಲು ಹೋಗಿ ಟ್ರಂಕಿನ ತಗಡಿನ ಮೂಲೆಗೆ ಕೆನ್ನೆ ಹೊಡೆಸಿಕೊಂಡಿದೆ. ಟ್ರಂಕಿನ ಮೂಲೆಯಲ್ಲಿ ರಕ್ತ ಇದ್ದದ್ದನ್ನು ನೀನು ಹೋದ ಮೇಲೆ ನಾನೇ ಒರೆಸಿದೆ. ಅಳು ಕೇಳಿ ದಫೇದಾರ ಬೆಕ್ಕಿನ ಕಂಡಿಯಲ್ಲೇ ನುಗ್ಗಿ ಒಳಗೆ ಬಂದಿದ್ದಾನೆ. ಅಷ್ಟು ಚಿಕ್ಕ ಕಂಡಿಯಲ್ಲಿ ಅಷ್ಟು ದೊಡ್ಡ ಪ್ರಾಣಿ. ತಂತಿಗೆ ಭುಜ ಹರಿದುಕೊಂಡಿದ್ದಾನೆ. ಈ ಸಲ ನನ್ನನ್ನು ಕರೆಯಲು ಬರಲಿಲ್ಲ. ಮೊದಲು ಮಗುವಿನ ಹತ್ತಿರ ಕೂತು ಅದರ ಮುಖದ ರಕ್ತ ನೆಕ್ಕಿದ್ದಾನೆ. ಅದೇ ಗಳಿಗೆಯಲ್ಲಿ ನೀನು ನಿನ್ನ ಬೀಗದ ಕೈಯಿಂದ ಬಾಗಿಲು ತೆಗೆದು, ಅಳು ಕೇಳಿ ನೇರ ಅಲ್ಲಿಗೆ ಓಡಿದೆ.

ನಿನ್ನ ನೆರಳು ಗೋಡೆಯ ಮೇಲೆ ಓಡಿದ್ದನ್ನು ಕಂಡು ನಾನೂ ಹಿಂದೆಯೇ ಬಂದೆ. ನೀನು ಮಗುವನ್ನು ಎದೆಗೆ ಅವಚಿಕೊಂಡು ತಿರುಗಿ, ನಾಯಿ ಕಚ್ತಾ ಅಮ್ಮ, ನಾಯಿ ಕಚ್ತಾ ಅಂತ ಕೇಳಿದೆ. ನಾನು ತಲೆಯಾಡಿಸಿದೆ.

ಕಿವಿ ಕೇಳಿಸದೆ ಸುಮ್ಮನೆ ತಲೆಯಾಡಿಸಿದೆ ಎಂದು ಬರೆದರೆ ನೀನು ನಂಬುತ್ತೀಯ. ಕಿವುಡರು ಎಲ್ಲದಕ್ಕೂ ತಲೆಯಾಡಿಸುತ್ತಾರೆ, ನಾನೂ ಸಾವಿರ ಸಲ ಆಡಿಸಿದ್ದೇನೆ. ಮೊದಲು ಬರೆದ ಕಾಗದದಲ್ಲಿ ಹಾಗೆಯೇ ಬರೆದಿದ್ದೆ, ಹರಿದು ಹಾಕಿದೆ. ಅದು ಸುಳ್ಳು. ನಿನ್ನ ತುಟಿ ನನ್ನ ಕಣ್ಣೆದುರಿಗಿತ್ತು, ಒಂದಕ್ಷರವೂ ತಪ್ಪದೆ ಅರ್ಥವಾಗಿತ್ತು. ಅಲ್ಲ ಎಂದರೆ ಮುಂದಿನ ಪ್ರಶ್ನೆ, ಹಾಗಾದ್ರೆ ನೀನೆಲ್ಲಿದ್ದೆ ಎಂಬುದು. ಅದಕ್ಕೇ ತಲೆಯಾಡಿಸಿದೆ.

ಆ ಒಂದು ತಲೆಯಾಡಿಸಿದ್ದಕ್ಕೆ ಏನೇನಾಯಿತು ನೋಡು. ಆಸ್ಪತ್ರೆಯಲ್ಲಿ ಕೆನ್ನೆಗೆ ಹೊಲಿಗೆ ಎರಡೇ ಬಿತ್ತು, ಆದರೆ ನಾಯಿ ಕಡಿತವೆಂದು ಆ ಎಳೆ ಕೂಸಿಗೆ ಸೂಜಿಯ ಮೇಲೆ ಸೂಜಿ. ಮೂರನೆಯ ಸಲ ನೀನು ನೋಡಲಾಗದೆ ಹೊರಗೆ ಹೋದಾಗ ಅದರ ಕಾಲು ಹಿಡಿದುಕೊಂಡವಳು ನಾನು. ಅದು ಬಾಯಿ ದೊಡ್ಡದು ಮಾಡಿ ನನ್ನನ್ನೇ ನೋಡುತ್ತ ಅತ್ತಿತು. ಆಗಲಾದರೂ ಬಾಯಿಬಿಡಬಹುದಿತ್ತು. ಗಟ್ಟಿಯಾಗಿ ಹಿಡ್ಕೊಳ್ಳಿ ಎಂದು ನರ್ಸ್ ಅಂದಳು, ಗಟ್ಟಿಯಾಗಿ ಹಿಡಿದುಕೊಂಡೆ.

ಅಳಿಯಂದಿರ ಮೇಲೆ ನನಗೆ ಯಾವ ಕೋಪವೂ ಇಲ್ಲ. ಮಗುವನ್ನು ಕಚ್ಚಿದ ನಾಯಿಯನ್ನು ಯಾವ ತಂದೆ ಮನೆಯಲ್ಲಿ ಇಟ್ಟುಕೊಳ್ಳುತ್ತಾನೆ? ಅವರು ಬಂದು ಹಗ್ಗ ಹಾಕಿದಾಗ ಅವನು ಬಾಲ ಆಡಿಸುತ್ತಲೇ ಗಾಡಿ ಹತ್ತಿದ, ಎಲ್ಲೋ ತಿರುಗಾಡಿಸಲು ಕರೆದೊಯ್ಯುತ್ತಾರೆಂದು. ನಾನು ಒಳಗೆ ಹೋಗಿ ಪಾತ್ರೆ ತೊಳೆದೆ.

ಮೊನ್ನೆ ಮಂಗಳವಾರ ತಡೆಯಲಾಗದೆ ಆ ಪ್ರಾಣಿಗಳ ಆಶ್ರಯಧಾಮಕ್ಕೆ ಹೋಗಿದ್ದೆ. ನಿನಗೆ ಹೇಳಲಿಲ್ಲ. ಅವನ ಗೂಡಿಗೆ ಕೆಂಪು ಚೀಟಿ ಕಟ್ಟಿದ್ದಾರೆ, ಕಚ್ಚುವ ನಾಯಿ ಎಂದು. ಅಂಥವನ್ನು ಹೊರಗಿನ ಯಾರಿಗೂ ಕೊಡುವುದಿಲ್ಲವಂತೆ, ಇಟ್ಟುಕೊಳ್ಳಲು ಜಾಗವೂ ಇಲ್ಲವಂತೆ. ತಿಂಗಳ ಕೊನೆಯ ದಿನ ಡಾಕ್ಟರು ಬಂದು ಸೂಜಿ ಹಾಕಿ ಮಲಗಿಸಿಬಿಡುತ್ತಾರೆ ಎಂದು ಅಲ್ಲಿನ ಮೇಲ್ವಿಚಾರಕಿ ಹೇಳಿದಳು. ಭುಜದ ಗಾಯ ಒಣಗಿದೆ, ಅಲ್ಲಿ ಕೂದಲು ಬಂದಿಲ್ಲ. ನನ್ನನ್ನು ಕಂಡು ಅವನು ಕುಣಿಯಲಿಲ್ಲ, ಮುನಿಸಿಕೊಳ್ಳಲೂ ಇಲ್ಲ. ಜಾಲರಿಯ ಹತ್ತಿರ ಬಂದು ಕೂತ. ಸ್ವಲ್ಪ ಹೊತ್ತಿಗೆ ಇದ್ದಕ್ಕಿದ್ದಂತೆ ಎದ್ದು, ಜಾಲರಿಗೆ ಮೂಗು ಒತ್ತಿ, ನನ್ನ ಬೆನ್ನ ಹಿಂದೆ ನೋಡತೊಡಗಿದ. ತಿರುಗಿ ನೋಡಿದರೆ ಮೇಲ್ವಿಚಾರಕಿ ಮೇಜಿನ ಮೇಲಿನ ಫೋನ್ ಎತ್ತುತ್ತಿದ್ದಳು. ಫೋನ್ ಹೊಡೆದುಕೊಳ್ಳುತ್ತಿದೆ ಎಂದು ಅವನು ನನಗೆ ಹೇಳಿದ್ದು! ನೆಲ ಬಾಯಿಬಿಟ್ಟು ನನ್ನನ್ನು ನುಂಗಬಾರದೇ ಅನ್ನಿಸಿತು. ಬರ್ತೀನಮ್ಮ ಎಂದಷ್ಟೇ ಮೇಲ್ವಿಚಾರಕಿಗೆ ಹೇಳಿ ಬಸ್ಸು ಹತ್ತಿದೆ.

ಸೋಮವಾರದಿಂದ ಪುಟ್ಟಿಯನ್ನು ಮತ್ತೆ ಬಿಡ್ತೀನಿ, ಈಗ ನಾಯಿ ಇಲ್ವಲ್ಲ, ಧೈರ್ಯವಾಗಿ ಬಿಡಬಹುದು ಅಂತ ನೀನು ಹೇಳಿ ಕಳಿಸಿದ್ದೀಯ. ನಾಯಿ ಇಲ್ಲದಿರುವುದರಿಂದಲೇ ಬಿಡಬಾರದು. ಮಗು ಬಚ್ಚಲಲ್ಲಿ ಬಿದ್ದರೂ, ಒಲೆಯ ಹತ್ತಿರ ಹೋಗಿ ಕಿರುಚಿದರೂ ನಾನು ಹೊಲಿಯುತ್ತ ಕೂತಿರುತ್ತೇನೆ. ಅವಳನ್ನು ಶಿಶುವಿಹಾರಕ್ಕೆ ಸೇರಿಸು. ಈ ಸಾಲು ಬರೆಯಲು ನನಗೆ ಎರಡು ದಿನ ಬೇಕಾಯಿತು. ಸೂಜಿ ಇನ್ನೊಂದು ಬಾಕಿ ಇದೆಯಲ್ಲ, ಡಾಕ್ಟರಿಗೆ ನಡೆದದ್ದನ್ನು ಹೇಳಿ ಅದು ಬೇಕೇ ಎಂದು ಕೇಳು. ದಫೇದಾರನನ್ನು ಬಿಡಿಸಲು, ತಂದುಬಿಟ್ಟವರೇ ಬಂದು ಸಹಿ ಹಾಕಬೇಕಂತೆ. ಅಳಿಯಂದಿರಿಗೆ ಈ ಕಾಗದ ತೋರಿಸು, ಏನನ್ನೂ ಮುಚ್ಚಬೇಡ. ಅವನನ್ನು ನನಗೇ ಕೊಡಿ ಎಂದು ಕೇಳುವ ಮುಖ ನನಗಿಲ್ಲ. ಬದುಕಿಸಿ, ಎಲ್ಲಾದರೂ ಇರಲಿ.

ಇದನ್ನೆಲ್ಲ ಹೊಟ್ಟೆಗೆ ಹಾಕಿಕೋ ಎಂದು ನಾನು ಕೇಳುವುದಿಲ್ಲ. ಸಿಟ್ಟು ಬಂದರೆ ಬಂದು ಎದುರಿಗೇ ನಿಂತು ಬೈದುಬಿಡು. ಎದುರಿಗೆ ನಿಂತರೆ ನನಗೆ ಎಲ್ಲವೂ ತಿಳಿಯುತ್ತದೆ.

ನಿನ್ನ
ಅಮ್ಮ

ಮತ್ತೆ ಸೇರಿಸಿದ್ದು: ಲಕೋಟೆ ಅಂಟಿಸಿ, ಅಂಚೆಗೆ ಹಾಕಿ ಬನ್ನಿ ಎಂದು ಎದುರು ಅಂಗಡಿಯ ಗಡಿಯಾರ ರಿಪೇರಿಯವರ ಕೈಗೆ ಕೊಡಲು ಹೋದರೆ ಅವರು, ಮಗಳ ಮೇಲೆ ಅಷ್ಟೊಂದು ಕೋಪಾನಾ ಅಂತ ಕೇಳಿದರು. ನಿನ್ನೆ ಹನ್ನೊಂದು ಗಂಟೆಗೆ ನೀನು ಪುಟ್ಟಿಯನ್ನು ಎತ್ತಿಕೊಂಡು ಬಂದಿದ್ದೆಯಂತೆ. ಕಾಲು ಗಂಟೆ ಬೆಲ್ ಹೊಡೆದೆಯಂತೆ. ಬೀಗದ ಕೈ ತಿರುಗಿಸಿದರೂ ಬಾಗಿಲು ತೆಗೆಯಲಿಲ್ಲವಂತೆ. ದಫೇದಾರ ಹೋದ ಮೇಲೆ ಯಾರಾದರೂ ಒಳಗೆ ಬಂದರೂ ತಿಳಿಯುವುದಿಲ್ಲವೆಂದು ಹೆದರಿ ನಾನು ಹಗಲಲ್ಲೂ ಒಳಗಿನ ಚಿಲಕ ಹಾಕಿಕೊಳ್ಳುತ್ತೇನೆ ಮಗಳೇ. ನಾಯಿ ಕಳಿಸಿದ್ದಕ್ಕೆ ಅಮ್ಮ ಬೇಕಂತಲೇ ಬಾಗಿಲು ತೆಗೀತಿಲ್ಲ ಎಂದು ಅವರಿಗೆ ಹೇಳಿ, ಕಣ್ಣೊರೆಸಿಕೊಳ್ಳುತ್ತ ಹೋದೆಯಂತೆ. ಲಕೋಟೆ ಒಡೆದು ಇದನ್ನು ಬರೆಯುತ್ತಿದ್ದೇನೆ. ಅವರು ಇನ್ನೊಂದು ಮಾತು ಹೇಳಿದರು. ಕೂಸು ಎರಡೂ ಕೈಯಲ್ಲಿ ಬಾಗಿಲು ಬಡಿದು, ಅಜ್ಜೀ ಅಜ್ಜೀ ಅಂತ ಎಷ್ಟು ಸ್ಪಷ್ಟವಾಗಿ ಕೂಗ್ತಮ್ಮ, ನಾಕೈದು ಸಲ ಕೂಗ್ತು ಅಂದರು. ಆರು ತಿಂಗಳಿಂದ ಅವಳನ್ನು ಮಡಿಲಲ್ಲಿ ಕೂರಿಸಿಕೊಂಡು ಆ ಮಾತು ಹೇಳಿಕೊಟ್ಟಿದ್ದೆ. ಒಂದು ದಿನವೂ ಅವಳ ತುಟಿ ಹಾಗೆ ಆಡಿದ್ದನ್ನು ನಾನು ನೋಡಿರಲಿಲ್ಲ. ಅವಳು ಕೂಗುವಾಗ ನಾನು ಬಾಗಿಲಿಂದ ನಾಲ್ಕು ಹೆಜ್ಜೆ ಈಚೆ ಕೂತು ದಿಂಬಿನ ಕವರು ಹೊಲಿಯುತ್ತಿದ್ದೆ.