ಗೇಟಿನವರೆಗೆ

ದೊಡ್ಡಕ್ಕಾ,

ದೇವರ ಪಾದ ಸೇರಿದವರಿಗೆ ಅಂಚೆ ಮುಟ್ಟುವುದಿಲ್ಲವೆಂದು ಗೊತ್ತು. ಆದರೂ ಕೈಹಿಡಿದು ನರ್ಸ್ ಕೆಲಸ ಕಲಿಸಿದ ನಿಮಗಲ್ಲದೆ ಇನ್ಯಾರಿಗೆ ಹೇಳಲಿ? ನಮ್ಮ ಆಸ್ಪತ್ರೆಯನ್ನು ಇವತ್ತು ಬಿಟ್ಟೆ. ನಾಳೆಯಿಂದ ಮನೆ ಹತ್ತಿರದ ಹೆರಿಗೆ ಆಸ್ಪತ್ರೆಯಲ್ಲಿ ಕೆಲಸ.

ನೀವು ಈ ಆಸ್ಪತ್ರೆ ಬಿಡುವಾಗ ಮಾಡಿದಂತೆಯೇ ಪ್ರತಿ ಹಾಸಿಗೆಯ ಬಳಿಗೂ ಹೋಗಿ, ನಾನು ಪಳಗಿಸಿದ ಹುಡುಗಿಯನ್ನು ತೋರಿಸಿ, "ಇನ್ಮೇಲೆ ಇವಳೇ ನೋಡ್ಕೊಳ್ತಾಳೆ" ಎಂದೆ. ನನ್ನನ್ನು ಬಿಟ್ಟು ಯಾರಿಗೂ ತೋಳು ಕೊಡದ ಮೂಲೆಯ ಅಜ್ಜ ಅವಳಿಂದ ಸೂಜಿ ಚುಚ್ಚಿಸಿಕೊಂಡರು.

"ನೋವಾಯ್ತಾ ಅಜ್ಜ?"

"ನಿನಗಿಂತ ಇವಳ ಕೈಯೇ ಹಗುರ. ನೀನು ಧಾರಾಳವಾಗಿ ಹೋಗಮ್ಮ!"

ವಾರ್ಡೆಲ್ಲ ನಕ್ಕಿತು. ನನಗೆ ಹಿಗ್ಗೂ ಆಯಿತು, ಹೊಟ್ಟೆಯೂ ಸ್ವಲ್ಪ ಉರಿಯಿತು.

ಹೊರಡುವಾಗ ಹುಡುಗಿಯೇ ನಾಪತ್ತೆ. ಬಟ್ಟೆಕೋಣೆಯ ಬಾಗಿಲು ಹಾಕಿತ್ತು, ಒಳಗೆ ಬಿಕ್ಕುವ ಸದ್ದು. ನೀವು ಹೊರಟ ದಿನ ನಾನೂ ಅಲ್ಲೇ ಕೂತು, ಮಡಚಿದ ದುಪ್ಪಟಿಗಳನ್ನೇ ಮತ್ತೆ ಮಡಚುತ್ತಿದ್ದೆ; ನಿಮ್ಮನ್ನು ಕಳಿಸಿಕೊಡಲು ಗೇಟಿನವರೆಗೂ ಬರಲಿಲ್ಲ. ಆಮೇಲೆ ನಿಮ್ಮ ಮುಖ ನೋಡುವ ಭಾಗ್ಯ ಸಿಗಲಿಲ್ಲ.

ದೇವರನ್ನು ನೆನೆದು ಬಾಗಿಲು ತಟ್ಟಿದೆ.

"ದುಪ್ಪಟಿ ಮಡಚ್ತಾ ಇದೀನಿ, ಅಮ್ಮ."

"ಅದೆಲ್ಲೂ ಓಡಿಹೋಗಲ್ಲ ಕಣೇ. ಮೂಗು ಒರೆಸ್ಕೊಂಡು ಬಾ."

ನನ್ನ ಚೀಲ ಹೊತ್ತುಕೊಂಡು ಗೇಟಿನವರೆಗೂ ಬಂದಳು. ಗೇಟು ಅಷ್ಟೇನೂ ದೂರವಿರಲಿಲ್ಲ, ಅಕ್ಕಾ.