ಡೇರೆಯ ನಡುವಿನ ಹಗ್ಗ

ಅಕ್ಕಾ,

ಅಕ್ಷರ ಸೊಟ್ಟಗಿದ್ದರೆ ಬೈಯಬೇಡ, ಕೂತ ಜಾಗವೇ ಅದುರುತ್ತಿದೆ. ನೀನು ಹೇಳಿದ ಹಾಗೆ ಅಣ್ಣನನ್ನೂ ತಮ್ಮನನ್ನೂ ಪ್ರವಾಸಕ್ಕೆ ಹೊರಡಿಸಿಕೊಂಡು ಬಂದು, ಇಬ್ಬರಿಗೂ ಒಂದೊಂದು ಯರ್ಟ್ ಬಾಡಿಗೆಗೆ ಹಿಡಿದೆ. ಯರ್ಟ್ ಅಂದರೆ ಗುಂಡನೆಯ ಉಣ್ಣೆ ಡೇರೆ. ಬೆಳಿಗ್ಗೆ ಬಿರುಗಾಳಿಗೆ ತಮ್ಮನದರ ಹೊದಿಕೆ ಹಾರಿಹೋಯಿತು. ಈಗ ಮೂವರೂ ಅಣ್ಣನ ಡೇರೆಯಲ್ಲಿ. ಅಪ್ಪನ ಅಂಗಡಿ ಮಾರಿದಾಗಿನಿಂದ ಇವರಿಬ್ಬರೂ ಮಾತು ಬಿಟ್ಟವರು, ಮುಖ ತಿರುಗಿಸಿ ಕೂರೋಣ ಅಂದರೆ ಇದಕ್ಕೆ ಒಂದು ಮೂಲೆಯೂ ಇಲ್ಲ.

ಗಾಳಿ ಎದ್ದರೆ ಸೂರಿನ ನಡುವಿಂದ ಇಳಿಬಿಟ್ಟ ಹಗ್ಗಕ್ಕೆ ಕಲ್ಲು ಕಟ್ಟುತ್ತಾರಂತೆ, ಡೇರೆ ಮೇಲೇಳದಿರಲಿ ಅಂತ. "ಕಲ್ಲು ತರ್ತೀನಿ, ಅಲ್ಲೀವರೆಗೆ ಜೋತುಬೀಳಿ" ಅಂತ ಹೋದ ಡೇರೆಯವನ ಸುಳಿವಿಲ್ಲ. ಅಣ್ಣ ಒಬ್ಬನೇ ಹಿಡಿದಿದ್ದ. ಒಮ್ಮೆ ಗಾಳಿ ಅವನ ಕಾಲನ್ನೇ ನೆಲದಿಂದ ಎತ್ತಿತು. ತಮ್ಮ ಎದ್ದು ಹೋಗಿ ಅದೇ ಹಗ್ಗಕ್ಕೆ ಕೈ ಹಾಕಿದ.

"ಬಿಡಬೇಡ ಕಣೋ" ಅಂದ ಅಣ್ಣ.

"ಮೊದಲು ನೀನು ಬಿಡಬೇಡ" ಅಂದ ಇವನು.

ನನ್ನ ಮೊಣಕೈ ತರಚಿದೆ, ಅಷ್ಟೇ. ಅಮ್ಮನ ಬಿಪಿ ಮಾತ್ರೆ ತಪ್ಪಿಸಬೇಡ. ಗಾಳಿಯ ವಿಷಯ ಅವಳ ಕಿವಿಗೆ ಹಾಕಬೇಡ, ಇವರು ಮಾತಾಡಿದ್ದು ಮಾತ್ರ ಹೇಳು.

ಅಗೋ, ಡೇರೆಯವನು ಬಂದ. ಕಲ್ಲು ಕಟ್ಟಿಯೂ ಆಯಿತು. ಇಬ್ಬರೂ ಇನ್ನೂ ಹಗ್ಗ ಬಿಟ್ಟಿಲ್ಲ.

ಕಾಗದದಲ್ಲಿ ಜಾಗ ಮುಗಿಯಿತು,
ನಿನ್ನ ತಂಗಿ